ತಟ್ಟೆ ತುಂಬಾ ತರಕಾರಿ ಕೊಟ್ಟು ಅಪ್ಪನ ತೂಕ ಇಳಿಸಿದ ಕಥೆ

ಅಪ್ಪನಿಗೆ ಸಿಒಪಿಡಿ ಅನ್ನುವ ಶ್ವಾಸಕೋಶದ ಕಾಯಿಲೆ ಇದೆ ಅಂತ ಡಾಕ್ಟರ್ ಹೇಳಿದ ವಾರವೇ ನಾನು ಮನೆಯ ಆಹಾರ ಮಂತ್ರಿಯಾದೆ. ಯಾರೂ ಕೇಳಿರಲಿಲ್ಲ, ನಾನೇ ಪ್ರಮಾಣವಚನ ಸ್ವೀಕರಿಸಿದೆ. ರಾತ್ರಿ ಎರಡು ಗಂಟೆಯವರೆಗೆ ಫೋನಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಎಲ್ಲ ಕಡೆಯೂ ಒಂದೇ ಮಾತು. ತರಕಾರಿ ಜಾಸ್ತಿ ತಿನ್ನಿ, ಎಣ್ಣೆ ಕಡಿಮೆ ಮಾಡಿ, ಹಸಿಯಾಗಿ ತಿಂದರೆ ಇನ್ನೂ ಒಳ್ಳೆಯದು. ಮರುದಿನದಿಂದಲೇ ಅಪ್ಪನ ಮುಂದೆ ಹಸಿ ಎಲೆಕೋಸು, ಸೌತೆಕಾಯಿ, ಕ್ಯಾರೆಟ್, ಮೂಲಂಗಿ ತುಂಬಿದ ದೊಡ್ಡ ಬಟ್ಟಲು ಬಂದು ಕೂತಿತು. ಅದು ಮುಗಿದ ಮೇಲೆಯೇ ಉಳಿದ ಊಟ ಅಂತ ಕಾನೂನು ಬೇರೆ.

ಎರಡು ತಿಂಗಳಲ್ಲಿ ಅವರ ತೂಕ ನಾಲ್ಕು ಕಿಲೋ ಇಳಿಯಿತು. ನನಗೆ ಖುಷಿಯೋ ಖುಷಿ. ತೂಕ ಇಳಿದರೆ ಒಳ್ಳೆಯದೇ ಅಲ್ವಾ ಅಂದುಕೊಂಡಿದ್ದೆ. ಮುಂದಿನ ಸಲ ಹೋದಾಗ ಡಾಕ್ಟರ್ ತೂಕದ ಅಂಕಿ ನೋಡಿ ಹುಬ್ಬು ಗಂಟಿಕ್ಕಿದರು. ನಮ್ಮನ್ನು ಆಹಾರ ತಜ್ಞೆಯೊಬ್ಬರ ಹತ್ತಿರ ಕಳಿಸಿದರು. ಆಕೆ ಅಪ್ಪನನ್ನು ಏನು ತಿನ್ನುತ್ತೀರಿ ಅಂತ ಮೊದಲು ಕೇಳಲೇ ಇಲ್ಲ. "ಊಟ ಮಾಡುವಾಗ ಮಧ್ಯೆ ಎಷ್ಟು ಸಲ ಕೈ ನಿಲ್ಲಿಸುತ್ತೀರಿ?" ಅಂತ ಕೇಳಿದರು. ಅಪ್ಪ ನನ್ನ ಕಡೆ ಒಮ್ಮೆ ನೋಡಿ, "ನಾಲ್ಕೈದು ಸಲ. ಇವಳು ಕೊಡುವ ಹಸಿ ಎಲೆಕೋಸು ಅಗಿಯುವುದರಲ್ಲೇ ದಮ್ಮು ಕಟ್ಟುತ್ತದೆ. ಆಮೇಲೆ ಊಟವೇ ಬೇಡ ಅನಿಸುತ್ತದೆ" ಅಂದರು. ದಿನಾ ಎದುರಿಗೇ ಕೂತು ಉಣ್ಣುವ ನನಗೆ ಇದು ಕಂಡೇ ಇರಲಿಲ್ಲ.

ಇದಾಗಿ ಎರಡು ವರ್ಷವಾಯಿತು. ನಾನು ಡಾಕ್ಟರೂ ಅಲ್ಲ, ಆಹಾರ ತಜ್ಞೆಯೂ ಅಲ್ಲ. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಶ್ವಾಸಕೋಶ ಸೋತವರಿಗೆ "ತರಕಾರಿ ಜಾಸ್ತಿ ತಿನ್ನಿ" ಅನ್ನುವುದು ಅರ್ಧ ಸಲಹೆ. ಹೇಗೆ, ಎಷ್ಟು, ಯಾವಾಗ, ಯಾವುದರ ಜೊತೆ ಅನ್ನುವ ಉಳಿದರ್ಧ ಇಲ್ಲದಿದ್ದರೆ ಆ ಮೊದಲರ್ಧ ಕೆಲವರಿಗೆ ಕೆಡುಕನ್ನೇ ಮಾಡಬಹುದು, ನಮ್ಮ ಮನೆಯಲ್ಲಿ ಮಾಡಿದ ಹಾಗೆ.

ಮೊದಲು ಕಾಯಿಲೆ ಏನು ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ಊಟದ ಲೆಕ್ಕವೆಲ್ಲ ಅಲ್ಲಿಂದಲೇ ಹುಟ್ಟುವುದು. ಸಿಒಪಿಡಿಯಲ್ಲಿ ಉಸಿರಿನ ಕೊಳವೆಗಳು ಕಿರಿದಾಗುತ್ತವೆ. ಒಳಗಿನ ಪುಟ್ಟ ಪುಟ್ಟ ಗಾಳಿಚೀಲಗಳು ಹಾಳಾಗುತ್ತವೆ. ತಂಬಾಕಿನ ಹೊಗೆ, ಒಲೆಯ ಹೊಗೆ, ಕೆಲಸದ ಜಾಗದ ಧೂಳು ಇವೆಲ್ಲ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಈ ಒಂದೇ ಕಾಯಿಲೆಯಿಂದ ಸುಮಾರು 35 ಲಕ್ಷ ಜನ ಸತ್ತಿದ್ದಾರೆ. ಹಾಳಾದ ಗಾಳಿಚೀಲ ಮತ್ತೆ ಹುಟ್ಟುವುದಿಲ್ಲ. ಯಾವ ಸೊಪ್ಪೂ ಅದನ್ನು ಹುಟ್ಟಿಸುವುದಿಲ್ಲ. "ಹದಿನೈದು ದಿನದಲ್ಲಿ ಶ್ವಾಸಕೋಶ ಶುದ್ಧಿ" ಅನ್ನುವ ಜ್ಯೂಸ್ ಯಾರಾದರೂ ಮಾರಲು ಬಂದರೆ ದಯವಿಟ್ಟು ಬಾಗಿಲು ಹಾಕಿಕೊಳ್ಳಿ.

ಕೊಳವೆ ಕಿರಿದಾದಾಗ ತೊಂದರೆ ಜಾಸ್ತಿ ಆಗುವುದು ಗಾಳಿಯನ್ನು ಒಳಗೆ ಎಳೆಯುವುದರಲ್ಲಿ ಅಲ್ಲ, ಹೊರಗೆ ಬಿಡುವುದರಲ್ಲಿ. ಪೂರ್ತಿ ಬಿಡಲು ಆಗದೆ ಹಳೆಯ ಗಾಳಿ ಒಳಗೇ ಉಳಿಯುತ್ತದೆ. ಎದೆ ಸದಾ ಅರ್ಧ ಊದಿದ ಬಲೂನಿನ ಹಾಗೆ ಇರುತ್ತದೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನುವ ಸ್ನಾಯುವಿನ ಪರದೆ ಇದೆ. ಅದು ಕಮಾನಿನ ಹಾಗೆ ಮೇಲೆದ್ದಿದ್ದು, ಕೆಳಗೆ ಸರಿದಾಗ ಗಾಳಿ ಒಳಗೆ ಬರುತ್ತದೆ. ಸಿಒಪಿಡಿ ಇರುವವರಲ್ಲಿ ಮೇಲಿನ ಊದಿದ ಶ್ವಾಸಕೋಶ ಅದನ್ನು ಆಗಲೇ ಕೆಳಗೆ ಒತ್ತಿ ಚಪ್ಪಟೆ ಮಾಡಿರುತ್ತದೆ. ಆ ಪರದೆಯ ಕೆಳಗೇ ಹೊಟ್ಟೆ. ಈಗ ಆ ಹೊಟ್ಟೆಗೆ ಒಂದು ದೊಡ್ಡ ಬಟ್ಟಲು ಹಸಿ ತರಕಾರಿ ತುಂಬಿ, ಮೇಲೆ ಎರಡು ಲೋಟ ನೀರು ಕುಡಿಸಿ ನೋಡಿ. ಮೇಲಿನಿಂದ ಗಾಳಿ ಒತ್ತುತ್ತದೆ, ಕೆಳಗಿನಿಂದ ಹೊಟ್ಟೆ ಒತ್ತುತ್ತದೆ, ನಡುವೆ ಆ ಸ್ನಾಯು ಎಲ್ಲಿಗೆ ಹೋಗಬೇಕು? ನಾನು ಎರಡು ತಿಂಗಳು ಮಾಡಿದ್ದು ಇದನ್ನೇ.

ಇನ್ನೊಂದು ವಿಷಯ ನಾನು ಯೋಚಿಸಿಯೇ ಇರಲಿಲ್ಲ. ನುಂಗುವಾಗ ಉಸಿರು ಒಂದು ಕ್ಷಣ ನಿಲ್ಲುತ್ತದೆ. ನಮಗೆಲ್ಲ ಅದು ಗೊತ್ತೇ ಆಗುವುದಿಲ್ಲ. ನಿಮಿಷಕ್ಕೆ ಇಪ್ಪತ್ತೈದು ಸಲ ಉಸಿರಾಡುವವರಿಗೆ ಮಾತ್ರ ಒಂದೊಂದು ತುತ್ತೂ ಸಾಲ ಮಾಡಿ ನುಂಗಿದ ಹಾಗೆ. ಗಟ್ಟಿಯಾದದ್ದನ್ನು ಅಗಿಯುತ್ತಾ ಕೂತರೆ ದವಡೆಗೂ ಕೆಲಸ, ಉಸಿರಿಗೂ ಅಡ್ಡಿ. ಅದಕ್ಕೇ ಅವರು ಊಟ ಅರ್ಧಕ್ಕೆ ಬಿಡುತ್ತಾರೆ. ಹಸಿವಿಲ್ಲ ಅಂತಲ್ಲ, ಸುಸ್ತಾಗಿರುತ್ತದೆ. ಮನೆಯವರು "ಯಾಕೆ ಬಿಟ್ಟಿರಿ, ರುಚಿ ಇಲ್ವಾ" ಅಂತ ಕೇಳುತ್ತೇವೆ. ಅವರು ಸುಮ್ನೆ "ಸಾಕು" ಅನ್ನುತ್ತಾರೆ. ಅಪ್ಪ ಎರಡು ತಿಂಗಳು ದಿನಾ "ಸಾಕು" ಅಂದಿದ್ದರು. ಅದು ಹೊಟ್ಟೆ ತುಂಬಿದ "ಸಾಕು" ಅಂತಲೇ ನಾನು ತಿಳಿದಿದ್ದೆ.

ಸಮಸ್ಯೆ ಅಲ್ಲಿಗೇ ಮುಗಿಯುವುದಿಲ್ಲ. ಉಸಿರಾಡುವುದೂ ಒಂದು ಕೆಲಸ, ಅದಕ್ಕೂ ಕ್ಯಾಲೊರಿ ಬೇಕು. ನಮಗೆ ಅದು ಲೆಕ್ಕಕ್ಕೇ ಬರದಷ್ಟು ಕಡಿಮೆ. ಸಿಒಪಿಡಿ ಜೋರಾಗಿ ಇರುವವರಿಗೆ ಅದೇ ಕೆಲಸಕ್ಕೆ ಅದರ ಹಲವು ಪಟ್ಟು ಬೇಕಾಗುತ್ತದೆ. ಖರ್ಚು ಜಾಸ್ತಿ, ಆದಾಯ ಕಡಿಮೆ. ಹಾಗಾದಾಗ ದೇಹ ಏನು ಮಾಡುತ್ತದೆ? ಕೊಬ್ಬು ಕರಗಿಸುತ್ತದೆ, ಆಮೇಲೆ ಸ್ನಾಯುವನ್ನೂ ಕರಗಿಸುತ್ತದೆ. ತೊಡೆಯ ಸ್ನಾಯು ಹೋಗುತ್ತದೆ, ತೋಳಿನದು ಹೋಗುತ್ತದೆ, ಉಸಿರಾಡಿಸುವ ಸ್ನಾಯುವೂ ಸೊರಗುತ್ತದೆ. ಸ್ನಾಯು ಸೊರಗಿದರೆ ಉಸಿರಾಡುವುದು ಇನ್ನೂ ಕಷ್ಟ. ಇನ್ನೂ ಕಷ್ಟವಾದರೆ ಊಟ ಇನ್ನೂ ಕಡಿಮೆ. ಈ ಚಕ್ರದೊಳಗೆ ಸಿಕ್ಕಿಕೊಂಡವರನ್ನು ಹೊರಗೆ ತರುವುದು ಸುಲಭವಲ್ಲ.

ಡಾಕ್ಟರ್‌ಗಳು ಇದನ್ನು ಎಷ್ಟು ಗಂಭೀರವಾಗಿ ನೋಡುತ್ತಾರೆ ಅನ್ನುವುದಕ್ಕೆ ಒಂದು ಉದಾಹರಣೆ. ಸಿಒಪಿಡಿ ಎಷ್ಟು ಅಪಾಯದ ಹಂತದಲ್ಲಿದೆ ಅಂತ ಅಳೆಯಲು ಬೋಡ್ ಅನ್ನುವ ಅಂಕಪಟ್ಟಿ ಇದೆ, 2004ರಲ್ಲಿ ಬಂದದ್ದು. ಅದರಲ್ಲಿ ಊದುವ ಪರೀಕ್ಷೆಯ (ಜೋರಾಗಿ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವುದು) ಫಲಿತಾಂಶ, ಏದುಸಿರು, ಆರು ನಿಮಿಷದಲ್ಲಿ ನಡೆಯುವ ದೂರ ಇವುಗಳ ಜೊತೆಗೆ ನಾಲ್ಕನೆಯದಾಗಿ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ ಇದೆ. ಬಿಎಂಐ 21 ಅಥವಾ ಅದಕ್ಕಿಂತ ಕೆಳಗಿದ್ದರೆ ಅಪಾಯದ ಅಂಕ ಒಂದು ಏರುತ್ತದೆ. ಸಾಮಾನ್ಯ ಜನರಿಗೆ 21 ಅಂದರೆ ಬೆನ್ನು ತಟ್ಟುವ ಅಂಕಿ. ಅಪ್ಪನನ್ನು ನಾನು ಅಲ್ಲಿಗೆ ತಂದು ನಿಲ್ಲಿಸಿದ್ದೆ, ಅದೂ ಹೆಮ್ಮೆಯಿಂದ.

ಹಾಗಂತ ತರಕಾರಿ ಬೇಡ ಅಂತ ನಾನು ಹೇಳುತ್ತಿಲ್ಲ. ಇಲ್ಲಿಂದ ಕೆಲವರು ಇನ್ನೊಂದು ತುದಿಗೆ ಹಾರುತ್ತಾರೆ, ಬರೀ ಪ್ರೋಟೀನ್ ಪುಡಿ ತಂದು ಇಡುತ್ತಾರೆ. ತರಕಾರಿಯ ಪರವಾಗಿ ಇರುವ ಪುರಾವೆಯನ್ನು ನೋಡೋಣ, ಅದು ಸಣ್ಣದೇನಲ್ಲ.

ಸ್ವೀಡನ್ನಿನಲ್ಲಿ 44 ಸಾವಿರಕ್ಕೂ ಹೆಚ್ಚು ಗಂಡಸರನ್ನು ಸುಮಾರು 13 ವರ್ಷ ಹಿಂಬಾಲಿಸಿ ಮಾಡಿದ ಅಧ್ಯಯನ 2017ರಲ್ಲಿ ಬಂತು. ದಿನಕ್ಕೆ ಐದು ಪಾಲಿಗಿಂತ ಹೆಚ್ಚು ಹಣ್ಣು ತರಕಾರಿ ತಿನ್ನುವವರಿಗೆ, ಎರಡು ಪಾಲಿಗಿಂತ ಕಡಿಮೆ ತಿನ್ನುವವರಿಗಿಂತ ಸಿಒಪಿಡಿ ಬರುವ ಸಾಧ್ಯತೆ ಶೇಕಡಾ 35ರಷ್ಟು ಕಡಿಮೆ ಇತ್ತು. ಈ ವ್ಯತ್ಯಾಸ ಕಂಡದ್ದು ಸಿಗರೇಟು ಸೇದುವವರಲ್ಲಿ ಮತ್ತು ಸೇದಿ ಬಿಟ್ಟವರಲ್ಲಿ. ಹೊಗೆಯೊಳಗಿನ ವಿಷ ಶ್ವಾಸಕೋಶದ ಜೀವಕೋಶಗಳನ್ನು ಸುಡುತ್ತದೆ, ತರಕಾರಿಯಲ್ಲಿರುವ ಆಂಟಿಆಕ್ಸಿಡೆಂಟ್‌ಗಳು ಆ ಸುಡುವಿಕೆಯನ್ನು ಸ್ವಲ್ಪ ತಡೆಯುತ್ತವೆ ಅನ್ನುವುದು ವಿವರಣೆ. ಸೇಬು, ಪೇರ್, ಸೊಪ್ಪು, ದಪ್ಪಮೆಣಸಿನಕಾಯಿ ತಿನ್ನುವವರಲ್ಲಿ ಸಂಬಂಧ ಚೆನ್ನಾಗಿ ಕಂಡಿತು. ಬಾಳೆಹಣ್ಣು, ಕಿತ್ತಳೆ ಜಾತಿಯ ಹಣ್ಣು, ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಹಾಗೆ ಕಾಣಲಿಲ್ಲ. ಬೆಳ್ಳುಳ್ಳಿ ಭಕ್ತರಿಗೆ ಬೇಜಾರಾಗಬಹುದು. ಅಂದಹಾಗೆ, ಸಿಗರೇಟು ಸೇದುತ್ತಾ ಜೊತೆಗೆ ಸೇಬು ತಿಂದರೆ ಸರಿಹೋಗುತ್ತದೆ ಅಂತ ಇದರ ಅರ್ಥ ಅಲ್ಲ. ಬಿಡುವುದರಿಂದ ಆಗುವ ಲಾಭದ ಮುಂದೆ ಇದು ಚಿಲ್ಲರೆ.

ಆದರೆ ಇದು ಕಾಯಿಲೆ ಬರುವ ಮುಂಚಿನ ಮಾತು. ಬಂದ ಮೇಲೆ? ಇಲ್ಲಿ ಚಿತ್ರ ಅಷ್ಟು ಸ್ಪಷ್ಟ ಇಲ್ಲ. ಗ್ರೀಸಿನಲ್ಲಿ ಸಿಒಪಿಡಿ ಇರುವ 120 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೂರು ವರ್ಷ ಹಣ್ಣು ತರಕಾರಿ ಹೆಚ್ಚಿಸಿದರು. ಆ ಗುಂಪಿನವರ ಊದುವ ಪರೀಕ್ಷೆಯ ಫಲಿತಾಂಶ ಇನ್ನೊಂದು ಗುಂಪಿಗಿಂತ ಚೆನ್ನಾಗಿ ಉಳಿಯಿತು. ಇದು ಪ್ರಕಟವಾದದ್ದು 2010ರಲ್ಲಿ. ಎರಡು ವರ್ಷ ಕಳೆದು ಬೆಲ್‌ಫಾಸ್ಟಿನ ತಂಡವೊಂದು ಹನ್ನೆರಡು ವಾರ ಇದೇ ರೀತಿ ಪ್ರಯತ್ನಿಸಿತು. ಉರಿಯೂತದ ಅಳತೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಸಿಗಲಿಲ್ಲ. ನನಗೆ ಅನಿಸುವುದು, ತರಕಾರಿ ನಿಧಾನದ ಗಿರಾಕಿ. ಹನ್ನೆರಡು ವಾರದಲ್ಲಿ ಪವಾಡ ಕೇಳಿದರೆ ಕೊಡುವುದಿಲ್ಲ. ವರ್ಷಗಟ್ಟಲೆ ಜೊತೆಗಿದ್ದರೆ ಸ್ವಲ್ಪ ಸಹಾಯ ಮಾಡಬಹುದು. ಆದರೆ ಅಷ್ಟು ವರ್ಷ ಮೈಯಲ್ಲಿ ಸ್ನಾಯು ಉಳಿದಿರಬೇಕಲ್ಲ! ಅದಕ್ಕೇ ನಮ್ಮ ಮನೆಯಲ್ಲಿ ಈಗ ಮೊದಲ ಪ್ರಶ್ನೆ ತೂಕದ್ದು, ಎರಡನೆಯದು ತರಕಾರಿಯದು.

ತರಕಾರಿಯ ಸಾರವನ್ನೇ ಮಾತ್ರೆ ಮಾಡಿ ನುಂಗಿದರೆ ಆಗಲ್ವಾ ಅಂತ ನನ್ನ ಚಿಕ್ಕಪ್ಪ ಕೇಳಿದ್ದರು. ಒಳ್ಳೆಯ ಪ್ರಶ್ನೆ, ಉತ್ತರ ಭಯ ಹುಟ್ಟಿಸುವಂಥದ್ದು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಅನ್ನು ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ ಗಂಡಸರಿಗೆ ದಿನಾ 20 ಮಿಲಿಗ್ರಾಂ ಮಾತ್ರೆಯಾಗಿ ಕೊಟ್ಟು ನೋಡಿದರು. ಅಧ್ಯಯನದಲ್ಲಿ 29 ಸಾವಿರ ಜನ ಇದ್ದರು. 1994ರಲ್ಲಿ ಫಲಿತಾಂಶ ಬಂದಾಗ ಆ ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಿರಲಿಲ್ಲ, ಶೇಕಡಾ 18ರಷ್ಟು ಜಾಸ್ತಿಯಾಗಿತ್ತು. ಅಮೆರಿಕದಲ್ಲಿ ವಿಟಮಿನ್ ಎ ಸೇರಿಸಿ ಕೊಟ್ಟ ಇನ್ನೊಂದು ಅಧ್ಯಯನವನ್ನು ಇದೇ ಕಾರಣಕ್ಕೆ 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಕ್ಯಾರೆಟ್ ತಿಂದರೆ ಹೀಗಾಗುವುದಿಲ್ಲ. ಕ್ಯಾರೆಟ್ಟಿನಿಂದ ಒಂದೇ ವಸ್ತುವನ್ನು ಹಿಂಡಿ ತೆಗೆದು ದೊಡ್ಡ ಪ್ರಮಾಣದಲ್ಲಿ ನುಂಗಿದಾಗ ಕಥೆ ಬೇರೆ. ಅದರಲ್ಲೂ ಸೇದುವವರಿಗೆ ಆ ಮಾತ್ರೆ ಬೇಡವೇ ಬೇಡ. ವಿಟಮಿನ್ ಡಿ ಮಾತ್ರ ಬೇರೆ ವಿಷಯ. ರಕ್ತದಲ್ಲಿ ಅದು ತೀರಾ ಕಡಿಮೆ ಇದ್ದವರಿಗೆ ಪೂರಕ ಕೊಟ್ಟಾಗ ಕಾಯಿಲೆ ಉಲ್ಬಣಿಸುವುದು ಕಡಿಮೆಯಾಗಿದೆ. ಸಾಕಷ್ಟು ಇದ್ದವರಿಗೆ ಏನೂ ಲಾಭವಾಗಿಲ್ಲ. ಅಂದರೆ ಪರೀಕ್ಷೆ ಮಾಡಿಸಿ ತಗೊಳ್ಳಬೇಕು, ಸುಮ್ನೆ ಅಲ್ಲ.

ಈಗ ನಾವು ಏನು ಬದಲಾಯಿಸಿದೆವು ಅಂತ ಹೇಳುತ್ತೇನೆ.

ಮೊದಲು ಬದಲಾದದ್ದು ಕ್ರಮ. ತರಕಾರಿ ಮೊದಲು, ಉಳಿದದ್ದು ಆಮೇಲೆ ಅನ್ನುವುದು ತೂಕ ಇಳಿಸಬೇಕಾದವರಿಗೆ ಸರಿ. ಅಪ್ಪನಿಗೆ ಅದನ್ನು ತಲೆಕೆಳಗು ಮಾಡಿದೆವು. ಮೊದಲ ತುತ್ತುಗಳಲ್ಲಿ ಉಸಿರು ಇನ್ನೂ ಗಟ್ಟಿಯಾಗಿರುತ್ತದೆ. ಆಗಲೇ ಮೊಟ್ಟೆ, ಮೀನು, ಬೇಳೆ, ಮೊಸರು ಇಂಥದ್ದು ಒಳಗೆ ಹೋಗಬೇಕು. ನಡುವೆ ಕೈ ನಿಂತರೂ ಮುಖ್ಯವಾದದ್ದು ಸೇರಿರುತ್ತದೆ. ದೇಹದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅಂತ ಆಹಾರ ತಜ್ಞೆ ಹೇಳಿದ್ದರು. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಬೇರೆ. 60 ಕಿಲೋ ಇರುವವರಿಗೆ ಇದು 72ರಿಂದ 90 ಗ್ರಾಂ ಆಗುತ್ತದೆ. ಒಂದು ಮೊಟ್ಟೆಯಲ್ಲಿ ಸಿಗುವುದು ಬರೀ ಆರು ಗ್ರಾಂ. ಲೆಕ್ಕ ಹಾಕಿ ನೋಡಿದಾಗಲೇ ಗೊತ್ತಾಯಿತು, ನಾವು ಎಲ್ಲೋ ಅರ್ಧ ದಾರಿಯಲ್ಲಿದ್ದೆವು.

ಎರಡನೆಯದು, ಹಸಿ ತರಕಾರಿಯನ್ನು ಬಹುತೇಕ ಬಿಟ್ಟೆವು. ಮೆತ್ತಗೆ ಬೇಯಿಸಿ, ಮಸೆದು, ಅದರ ಮೇಲೆ ಒಂದು ಚಮಚ ಒಳ್ಳೆಯ ಎಣ್ಣೆ ಅಥವಾ ಬೆಣ್ಣೆ. ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರು, ನೂರು ಗ್ರಾಂ ತಿಂದರೆ ಸುಮಾರು 15 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120. ಹೊಟ್ಟೆಯಲ್ಲಿ ಜಾಗ ಕಡಿಮೆ ಇರುವವರಿಗೆ ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸವೇ ಎಲ್ಲ. ಅದೂ ಅಲ್ಲದೆ ಕ್ಯಾರೆಟ್, ಕುಂಬಳಕಾಯಿ, ಸೊಪ್ಪಿನಲ್ಲಿರುವ ಕ್ಯಾರೋಟಿನ್ ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಕೊಬ್ಬು ಬೇಕು. ಎಣ್ಣೆಯೇ ಇಲ್ಲದ ಸಲಾಡಿನಲ್ಲಿ ಅದರ ಬಹುಪಾಲು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಕುಂಬಳಕಾಯಿ, ಕ್ಯಾರೆಟ್, ಗೆಣಸು, ಬಟಾಣಿ ಇವನ್ನು ಬೇಯಿಸಿ ರುಬ್ಬಿ, ಹಾಲು ಅಥವಾ ಬೇಳೆ ಸೇರಿಸಿದ ಗಟ್ಟಿ ಸೂಪ್ ನಮ್ಮ ಮನೆಯ ಮುಖ್ಯ ಆಯುಧ. ಅಗಿಯುವ ಕೆಲಸವಿಲ್ಲ. ಹತ್ತು ನಿಮಿಷದಲ್ಲಿ ಬಟ್ಟಲು ಖಾಲಿ. ಫ್ರೀಜ್ ಮಾಡಿದ ಬಟಾಣಿ, ಬೀನ್ಸ್, ಪಾಲಕ್ ಕೂಡ ತಾಜಾ ತರಕಾರಿಗೆ ಕಡಿಮೆಯೇನಿಲ್ಲ, ಆ ಬಗ್ಗೆ ಸಂಕೋಚ ಬೇಡ. ಡಬ್ಬಿಯಲ್ಲಿ ಬರುವ ಕಾಳುಗಳನ್ನು ಮಾತ್ರ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಉಪ್ಪು ಜಾಸ್ತಿ ಇರುತ್ತದೆ. ಉಪ್ಪು ಜಾಸ್ತಿಯಾದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಕಾಲು ಊದುತ್ತದೆ. ಶ್ವಾಸಕೋಶದ ಜೊತೆಗೆ ಹೃದಯವೂ ದಣಿದಿರುವವರಿಗೆ ಇದು ಸಣ್ಣ ಮಾತಲ್ಲ.

ಮೂರು ದೊಡ್ಡ ಊಟದ ಬದಲು ಆರು ಸಣ್ಣದು. ನೀರು ಊಟದ ಜೊತೆ ಅಲ್ಲ, ಊಟವಾಗಿ ಅರ್ಧ ಗಂಟೆ ಬಿಟ್ಟು. ದಿನದ ದೊಡ್ಡ ಊಟ ಬೆಳಿಗ್ಗೆಯೇ, ಸಂಜೆಯ ಹೊತ್ತಿಗೆ ಅವರ ಶಕ್ತಿ ಮುಗಿದಿರುತ್ತದೆ. ಊಟಕ್ಕೆ ಮುಂಚೆ ಅರ್ಧ ಗಂಟೆ ಸುಮ್ಮನೆ ಕೂತಿರಬೇಕು. ಸ್ನಾನ ಮಾಡಿ ಬಂದ ತಕ್ಷಣ ಊಟಕ್ಕೆ ಕೂರಿಸುತ್ತಿದ್ದೆವು ನಾವು, ಎಂಥ ದಡ್ಡತನ! ಸಿಒಪಿಡಿ ಇರುವವರಿಗೆ ಸ್ನಾನವೇ ಒಂದು ಓಟದ ಸ್ಪರ್ಧೆ. ಈಗ ನೇರವಾಗಿ ಕೂತು, ಎರಡೂ ಮೊಣಕೈ ಮೇಜಿನ ಮೇಲೆ ಊರಿ ತಿನ್ನುತ್ತಾರೆ. ಹಾಗೆ ಊರಿದರೆ ಭುಜದ ಸ್ನಾಯುಗಳು ಉಸಿರಾಟಕ್ಕೆ ನೆರವಾಗುತ್ತವೆ. ಆಮ್ಲಜನಕ ಹಾಕಿಕೊಳ್ಳುವವರು ಊಟದ ಹೊತ್ತಿಗೆ ಆ ನಳಿಕೆ ತೆಗೆಯಬಾರದು, ಆಗಲೇ ಅದು ಜಾಸ್ತಿ ಬೇಕಾಗುವುದು. ಆದರೆ ಅದೇ ನಳಿಕೆ ಹಾಕಿಕೊಂಡು ಉರಿಯುವ ಒಲೆಯ ಹತ್ತಿರ ಹೋಗಬಾರದು, ಬೆಂಕಿ ಹತ್ತಿಕೊಳ್ಳುವ ಅಪಾಯ ನಿಜವಾದದ್ದು.

ಹೊಟ್ಟೆ ಉಬ್ಬರಿಸುವ ತರಕಾರಿಗಳ ವಿಷಯಕ್ಕೆ ಬರೋಣ. ಎಲೆಕೋಸು, ಹೂಕೋಸು, ಬ್ರಾಕೊಲಿ, ಈರುಳ್ಳಿ, ಮೂಲಂಗಿ, ಕಾಳುಗಳು. ಇವೆಲ್ಲ ಒಳ್ಳೆಯವೇ, ಪುಸ್ತಕದ ಪ್ರಕಾರ ಬಹಳ ಒಳ್ಳೆಯವು. ಆದರೆ ಕರುಳಿನಲ್ಲಿ ಗಾಳಿ ಮಾಡುತ್ತವೆ, ಆ ಗಾಳಿಯೂ ಕೆಳಗಿನಿಂದ ಆ ವಪೆಯ ಪರದೆಯನ್ನೇ ಒತ್ತುತ್ತದೆ. ಸೋಡಾ ಕುಡಿದರೂ ಅಷ್ಟೇ. ಯಾವುದು ಯಾರಿಗೆ ಉಬ್ಬರಿಸುತ್ತದೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು. ನಾವು ಮೂರು ವಾರ ಒಂದು ನೋಟ್‌ಬುಕ್ ಇಟ್ಟೆವು. ತಿಂದದ್ದು ಏನು, ಎರಡು ಗಂಟೆ ಕಳೆದು ದಮ್ಮು ಹೇಗಿದೆ, ಇಷ್ಟೇ. ಅಪ್ಪನಿಗೆ ಬೇಳೆ ಪರವಾಗಿಲ್ಲ, ಚೆನ್ನಾಗಿ ನೆನೆಸಿ ಬೇಯಿಸಿದ ಕಾಳೂ ಪರವಾಗಿಲ್ಲ. ಎಲೆಕೋಸು ಮತ್ತು ಹೂಕೋಸು ಆಗುವುದಿಲ್ಲ. ಹಾಗಾದರೆ ಎಲ್ಲ ನಾರನ್ನೂ ಬಿಡಬೇಕಾ ಅಂದರೆ, ಬೇಡ. ನಾರು ಇಲ್ಲದಿದ್ದರೆ ಮಲಬದ್ಧತೆ, ತಿಣುಕುವಾಗ ಬರುವ ಏದುಸಿರು ಯಾರಿಗೂ ಬೇಡ. ಈ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಬರೆದೆ.

ಬೀಟ್‌ರೂಟ್ ಬಗ್ಗೆ ಒಂದು ಪ್ಯಾರಾ ಬೇಕೇ ಬೇಕು. ಬೀಟ್‌ರೂಟಿನಲ್ಲಿ ನೈಟ್ರೇಟ್ ಇದೆ. ನಮ್ಮ ಬಾಯಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದು ಒಳಗೆ ಹೋಗಿ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಸಿಒಪಿಡಿ ಇರುವ 81 ಜನರಿಗೆ ಹನ್ನೆರಡು ವಾರ ದಿನಾ 70 ಮಿಲಿ ಗಟ್ಟಿ ಬೀಟ್‌ರೂಟ್ ರಸ ಕೊಟ್ಟು ನೋಡಿದರು. ಅರ್ಧ ಜನರಿಗೆ ಕೊಟ್ಟದ್ದು ನೈಟ್ರೇಟ್ ತೆಗೆದ ರಸ, ರುಚಿ ಬಣ್ಣ ಎಲ್ಲ ಅದೇ. ನಿಜವಾದ ರಸ ಕುಡಿದವರ ರಕ್ತದೊತ್ತಡ ಸ್ವಲ್ಪ ಇಳಿಯಿತು, ಆರು ನಿಮಿಷದಲ್ಲಿ ನಡೆಯುವ ದೂರ ಇನ್ನೊಂದು ಗುಂಪಿಗಿಂತ ಸುಮಾರು 30 ಮೀಟರ್ ಜಾಸ್ತಿಯಾಯಿತು. ಸಣ್ಣ ಅಧ್ಯಯನ, ಅದರಲ್ಲಿದ್ದವರೆಲ್ಲ ರಕ್ತದೊತ್ತಡ ಸ್ವಲ್ಪ ಏರಿದ್ದವರು. ಆದರೂ 30 ಮೀಟರ್ ಅಂದರೆ ಮಂಚದಿಂದ ಬಚ್ಚಲಿಗೆ ಹೋಗಿ ಬರುವಷ್ಟು, ನಗುವಂಥದ್ದಲ್ಲ. ನಾವು ವಾರಕ್ಕೆ ಮೂರು ನಾಲ್ಕು ಸಲ ಬೀಟ್‌ರೂಟ್ ಮಾಡುತ್ತೇವೆ. ಮೊದಲ ಸಲ ಮರುದಿನ ಬೆಳಿಗ್ಗೆ ಮೂತ್ರ ಕೆಂಪಾಗಿದ್ದು ನೋಡಿ ಅಪ್ಪ ಹೆದರಿ ನನ್ನನ್ನು ಎಬ್ಬಿಸಿದ್ದರು. ಮುಂಚೆಯೇ ಹೇಳಿಬಿಡಿ ಮನೆಯವರಿಗೆ! ಮೌತ್‌ವಾಶ್ ಹಾಕಿ ಬಾಯಿ ಮುಕ್ಕಳಿಸುವ ಅಭ್ಯಾಸ ಇದ್ದರೆ ಆ ಬ್ಯಾಕ್ಟೀರಿಯಾ ಸಾಯುತ್ತವೆ, ಬೀಟ್‌ರೂಟಿನ ನೈಟ್ರೇಟ್ ವ್ಯರ್ಥವಾಗುತ್ತದೆ.

ಮುಕ್ಕಳಿಸುವುದು ಅಂದಾಗ ನೆನಪಾಯಿತು. ಸ್ಟೀರಾಯ್ಡ್ ಇರುವ ಇನ್ಹೇಲರ್ ತಗೊಂಡ ಮೇಲೆ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ನಾಲಿಗೆ ಮೇಲೆ ಶಿಲೀಂಧ್ರದ ಬಿಳಿ ಪದರ ಬರಬಹುದು, ಆಗ ಯಾವುದೂ ರುಚಿಸುವುದಿಲ್ಲ. ಅಪ್ಪ ಒಂದು ತಿಂಗಳು "ನಿನ್ನ ಅಡುಗೆಗೆ ರುಚಿಯೇ ಇಲ್ಲ" ಅಂತ ನನ್ನನ್ನು ಬೈದಿದ್ದರು. ತಪ್ಪು ನನ್ನದಲ್ಲ, ನಾಲಿಗೆಯದು. ಇದೊಂದು ವಿಷಯದಲ್ಲಾದರೂ ನಾನು ಗೆದ್ದೆ.

ಹಾಲು ಕುಡಿದರೆ ಕಫ ಜಾಸ್ತಿಯಾಗುತ್ತದೆ ಅಂತ ಅನೇಕರು ಹಾಲು ಮೊಸರು ಪೂರ್ತಿ ಬಿಡಿಸುತ್ತಾರೆ. ಹಾಲು ಕಫ ಹುಟ್ಟಿಸುವುದಿಲ್ಲ. ಜೊಲ್ಲಿನ ಜೊತೆ ಬೆರೆತು ಗಂಟಲಿನಲ್ಲಿ ಸ್ವಲ್ಪ ದಪ್ಪ ಅನಿಸುತ್ತದೆ, ಅಷ್ಟೇ. ಆಗ ಒಂದು ಗುಟುಕು ನೀರು ಕುಡಿದರೆ ಆಯಿತು. ಸ್ಟೀರಾಯ್ಡ್ ಮಾತ್ರೆ ಆಗಾಗ ತಗೊಳ್ಳುವವರ ಮೂಳೆ ಸವೆಯುತ್ತದೆ, ಅವರಿಗೆ ಕ್ಯಾಲ್ಸಿಯಂ ಬೇಕು. ಅಂಥವರಿಂದ ಹಾಲು ಕಿತ್ತುಕೊಳ್ಳುವುದು ತಪ್ಪು. ಅದೇ ರೀತಿ ಪಿಷ್ಟದ ಬಗ್ಗೆಯೂ ಒಂದು ಹೆದರಿಕೆ ಇದೆ. ಪಿಷ್ಟ ದೇಹದಲ್ಲಿ ಉರಿದಾಗ ಬಳಸಿದಷ್ಟೇ ಆಮ್ಲಜನಕಕ್ಕೆ ಕೊಬ್ಬಿಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಅದನ್ನು ಹೊರಹಾಕಲು ಶ್ವಾಸಕೋಶ ದುಡಿಯಬೇಕು. ಇದು ನಿಜವೇ. ಆದರೆ ಕಾಯಿಲೆ ಹತೋಟಿಯಲ್ಲಿ ಇರುವವರಿಗೆ ಪಿಷ್ಟ ಕಡಿಮೆ ಇರುವ ವಿಶೇಷ ಪೇಯಗಳಿಂದ ಬೇರೆ ಪೇಯಗಳಿಗಿಂತ ಹೆಚ್ಚಿನ ಲಾಭ ಕಂಡಿಲ್ಲ ಅಂತ 2006ರಲ್ಲೇ ಯುರೋಪಿನ ಪೋಷಣಾ ತಜ್ಞರ ಸಂಘ ಹೇಳಿದೆ. ದುಬಾರಿ ಡಬ್ಬಿಗಿಂತ ಬಾಯಿಗೆ ಇಷ್ಟವಾಗುವ ಸಣ್ಣ ಊಟ ಮೇಲು.

ಔಷಧಿಯ ಜೊತೆ ತರಕಾರಿ ಜಗಳವಾಡುವ ಕೆಲವು ಜಾಗಗಳಿವೆ. ಇಲ್ಲಿ ನಾನು ತಮಾಷೆ ಮಾಡುವುದಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು ಸೊಪ್ಪನ್ನು ಒಂದು ವಾರ ರಾಶಿ ತಿಂದು ಇನ್ನೊಂದು ವಾರ ಬಿಡಬಾರದು. ಸೊಪ್ಪಿನ ವಿಟಮಿನ್ ಕೆ ಆ ಔಷಧಿಯ ಕೆಲಸವನ್ನು ಕುಗ್ಗಿಸುತ್ತದೆ. ಸೊಪ್ಪು ಬಿಡಬೇಕಾಗಿಲ್ಲ, ವಾರ ವಾರವೂ ಒಂದೇ ಅಳತೆ ಇರಲಿ. ಮೂತ್ರ ಹೆಚ್ಚಿಸುವ ಮಾತ್ರೆಗಳಲ್ಲಿ ಕೆಲವು ಪೊಟ್ಯಾಷಿಯಂ ಕಳೆಯುತ್ತವೆ, ಕೆಲವು ಉಳಿಸುತ್ತವೆ. ಮೊದಲನೆಯದು ತಗೊಳ್ಳುವವರಿಗೆ ಬಾಳೆಹಣ್ಣು, ಆಲೂಗಡ್ಡೆ, ಟೊಮೆಟೊ ಒಳ್ಳೆಯದಾದರೆ ಎರಡನೆಯದು ತಗೊಳ್ಳುವವರಿಗೆ ಅವೇ ಜಾಸ್ತಿಯಾಗಬಹುದು. ಉಸಿರಿನ ಕೊಳವೆ ಸಡಿಲಿಸುವ ಥಿಯೋಫಿಲಿನ್ ಮಾತ್ರೆ ತಗೊಳ್ಳುವವರು ಕಾಫಿ ಟೀ ಮಿತಿಯಲ್ಲಿ ಇಡಬೇಕು. ಆ ಔಷಧಿಯೂ ಕಾಫಿ ಟೀಯ ಕೆಫೀನೂ ಒಂದೇ ಜಾತಿಯ ವಸ್ತುಗಳು, ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಜಾಸ್ತಿಯಾಗುತ್ತದೆ. ನಿಮ್ಮ ಮಾತ್ರೆಗಳ ಚೀಟಿ ಹಿಡಿದುಕೊಂಡು ಡಾಕ್ಟರನ್ನೇ ಕೇಳಿ.

ಇದೆಲ್ಲ ತೂಕ ಇಳಿಯುತ್ತಿರುವವರ ಲೆಕ್ಕ. ಸಿಒಪಿಡಿ ಜೊತೆಗೆ ದಪ್ಪ ಇರುವವರಿಗೆ ಹೊಟ್ಟೆಯ ಕೊಬ್ಬೇ ಆ ಪರದೆಯನ್ನು ಒತ್ತುತ್ತಿರುತ್ತದೆ. ಅವರಿಗೆ ತರಕಾರಿ ಜಾಸ್ತಿ, ಎಣ್ಣೆ ಕಡಿಮೆ ಅನ್ನುವ ಹಳೆಯ ಸಲಹೆಯೇ ಸರಿಹೊಂದಬಹುದು, ಆದರೆ ಪ್ರೋಟೀನ್ ಮತ್ತು ವ್ಯಾಯಾಮ ಬಿಡದೆ, ನಿಧಾನವಾಗಿ. ಒಂದೇ ಕಾಯಿಲೆ, ಎರಡು ತದ್ವಿರುದ್ಧ ತಟ್ಟೆಗಳು. ಅದಕ್ಕೇ ಪಕ್ಕದ ಮನೆಯವರ ಡಯಟ್ ಚೀಟಿ ನಕಲು ಮಾಡಬೇಡಿ, ನನ್ನದನ್ನೂ ಮಾಡಬೇಡಿ.

ಕಳೆದುಕೊಂಡ ನಾಲ್ಕು ಕಿಲೋದಲ್ಲಿ ಮೂರು ವಾಪಸ್ ಬರಲು ಒಂದು ವರ್ಷ ಹಿಡಿಯಿತು. ಶ್ವಾಸಕೋಶದ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಇಲ್ಲ, ಇರುತ್ತದೆ ಅಂತ ಯಾರೂ ಹೇಳಿಯೂ ಇರಲಿಲ್ಲ. ಮೆಟ್ಟಿಲು ಹತ್ತುವಾಗ ಮೊದಲಿನ ಹಾಗೆ ಮೂರು ಕಡೆ ಅಲ್ಲ, ಒಂದೇ ಕಡೆ ನಿಲ್ಲುತ್ತಾರೆ. ಅದರಲ್ಲಿ ಊಟದ ಪಾಲು ಎಷ್ಟು, ದಿನಾ ಮಾಡುವ ಉಸಿರಾಟದ ವ್ಯಾಯಾಮದ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ನನಗೆ ಆಗುವುದಿಲ್ಲ.

ಹೂಕೋಸಿನ ಜಗಳ ಮಾತ್ರ ಮುಗಿದಿಲ್ಲ. ಅಪ್ಪನಿಗೆ ಅದು ಪ್ರಾಣ. ನೋಟ್‌ಬುಕ್ ತೆಗೆದು ತೋರಿಸಿದರೂ ಕೇಳುವುದಿಲ್ಲ. ಕೊನೆಗೆ ತಿಂಗಳಿಗೊಂದು ಸಲ, ಬೆಳಗಿನ ಹೊತ್ತು, ಆಮೇಲೆ ಹೊರಗೆಲ್ಲೂ ಹೋಗುವ ಕೆಲಸ ಇಲ್ಲದ ದಿನ ಅಂತ ಒಪ್ಪಂದವಾಗಿದೆ. ಮೊನ್ನೆ ಭಾನುವಾರ ಆ ದಿನ ಬಂತು. ತಿಂದು, ಹೊಟ್ಟೆ ಉಬ್ಬರಿಸಿ, ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಮೊಣಕೈ ಊರಿಕೊಂಡು ಎರಡು ಗಂಟೆ ಕೂತಿದ್ದರು. ನಾನು ಏನೋ ಹೇಳಲು ಬಾಯಿ ತೆರೆದೆ. ಕೈ ಎತ್ತಿ ತಡೆದರು. ಉಸಿರು ಹಿಡಿದುಕೊಂಡು, "ಬರಿ, ಬರಿ, ನಿನ್ನ ನೋಟ್‌ಬುಕ್ಕಿನಲ್ಲಿ ಬರಿ" ಅಂದರು.